ತಂತ್ರಾಂಶಕ್ಕೂ ಪರೀಕ್ಷೆಯುಂಟು

ಪರೀಕ್ಷೆ ಎಂಬ ಮಾತು ಕಿವಿಗೆ ಬಿದ್ದೊಡನೆ ವಿದ್ಯಾರ್ಥಿಗಳ ಮುಖ ಸಣ್ಣದಾಗುವುದು ಸಹಜ. ಆದರೆ ನಾವು ಈ ಲೇಖನದಲ್ಲಿ ಹೇಳಹೊರಟಿರುವುದು ಬೇರೊಂದು ಬಗೆಯ ಪರೀಕ್ಷೆಯನ್ನು ಕುರಿತು. ಅಲ್ಲಿ ಪರೀಕ್ಷೆಗೆ ಕುಳಿತುಕೊಳ್ಳುವುದು ಮನುಷ್ಯನಲ್ಲ. ಮನುಷ್ಯನು ಗಣಕಯಂತ್ರಕ್ಕಾಗಿ ಬರೆದ ಆಜ್ಞೆಗಳ ಸರಣಿ, ಅಂದರೆ ತಂತ್ರಾಂಶ ಅಥವಾ ಸಾಫ್ಟ್‌ವೇರ್. ನೂರಕ್ಕೆ ಮೂವತ್ತೈದು ಅಂಕ ಬಂದರೆ ನಾವು ತೇರ್ಗಡೆಯಾಗುತ್ತೇವೆ. ಈ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಬಂದರೂ ಸಾಲದು.

ನಮ್ಮ ನಗರದ ತಾರ್ನಾಕದ ಕಡೆಗೆ ಹೋಗಿಬಂದವರಿಗೆ ಅಲ್ಲಿನ ವಿದ್ಯಾಸಂಸ್ಥೆಗಳ ಪರಿಚಯವಿದ್ದೇ ಇರುತ್ತದೆ. ಒಂದು ಕಡೆ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ವಿಶಾಲವಾದ ಆವರಣ, ಇನ್ನೊಂದು ಕಡೆ ರಾಷ್ಟ್ರೀಯ ಪೋಷಣಾ ಸಂಸ್ಥೆ, ಅದರಿಂದ ಸ್ವಲ್ಪ ಮುಂದೆ ರಸಾಯನ ತಂತ್ರಜ್ಞಾನದ ಪ್ರಯೋಗಾಲಯ. ಇವುಗಳ ನಡುವೆ ಹೆಚ್ಚು ಜನರ ಗಮನಕ್ಕೆ ಬಾರದ ಮತ್ತೊಂದು ಸಂಸ್ಥೆಯಿದೆ. ರೈಲ್ವೆಯ ಸಿಗ್ನಲ್ ಮತ್ತು ದೂರಸಂಪರ್ಕ ಇಂಜಿನಿಯರುಗಳಿಗೆ ಶಿಕ್ಷಣ ಕೊಡುವ ಈ ಸಂಸ್ಥೆ ೧೯೫೭ರಲ್ಲಿ ಆರಂಭವಾಯಿತು. 'ಇರಿಸೆಟ್' ಎಂಬುದು ಅದರ ಹ್ರಸ್ವನಾಮ. ಭಾರತದ ಯಾವ ಮೂಲೆಯ ರೈಲ್ವೆ ಸಿಗ್ನಲ್ ಅಧಿಕಾರಿಯನ್ನು ಮಾತನಾಡಿಸಿದರೂ ಅವರು ಒಮ್ಮೆಯಾದರೂ ಇಲ್ಲಿ ವಿದ್ಯಾರ್ಥಿಯಾಗಿ ಬೆಂಚಿನ ಮೇಲೆ ಕುಳಿತಿರುವ ಸಂಭವ ಹೆಚ್ಚು. ಇತ್ತೀಚಿನ ವರ್ಷಗಳಲ್ಲಿ 'ಕವಚ್' ಎಂಬ ರೈಲುರಕ್ಷಣಾ ವ್ಯವಸ್ಥೆಯ ಶಿಕ್ಷಣಕ್ಕೂ ಸಂಶೋಧನೆಗೂ ಇದೇ ಸ್ಥಳ ಕೇಂದ್ರವಾಗಿದೆ.

ಕವಚವೆಂದೊಡನೆ ನಮಗೆ ಕರ್ಣನ ನೆನಪಾಗುತ್ತದೆ. ಅವನ ಕಥೆಯನ್ನು ಕನ್ನಡಕ್ಕೆ ತಂದ ಆದಿಕವಿ ಪಂಪನು ಆಶ್ರಯ ಪಡೆದಿದ್ದುದು ಇದೇ ತೆಲಂಗಾಣದ ವೇಮುಲವಾಡದ ಅರಿಕೇಸರಿಯಲ್ಲಿ ಎಂಬುದನ್ನು ಇಲ್ಲಿ ನೆನೆಯದೆ ಮುಂದುವರಿಯಲು ಮನಸ್ಸು ಬಾರದು. ಆದರೆ ಕರ್ಣನ ಕವಚ ಹುಟ್ಟಿನಿಂದಲೇ ಬಂದದ್ದು. ರೈಲಿನ ಕವಚವನ್ನು ಕಟ್ಟಬೇಕು, ಕಟ್ಟಿದ ಮೇಲೆ ಅದು ನಿಜವಾಗಿಯೂ ರಕ್ಷಿಸುವುದೇ ಎಂದು ಪರೀಕ್ಷಿಸಬೇಕು.

ಈ ರಕ್ಷಣೆಯ ಅವಶ್ಯಕತೆಯೇನೆಂಬುದನ್ನು ನಮ್ಮ ಊರಿನವರಿಗೆ ದೂರದ ಉದಾಹರಣೆಯಿಂದ ಹೇಳಬೇಕಾಗಿಲ್ಲ. ೨೦೧೯ರ ನವೆಂಬರ್ ೧೧ರ ಬೆಳಿಗ್ಗೆ ಕಾಚಿಗುಡ ನಿಲ್ದಾಣದಲ್ಲಿ ನಗರಸಂಚಾರದ ರೈಲೊಂದು ಕರ್ನೂಲಿನಿಂದ ಬಂದ ಹಂದ್ರಿ ಎಕ್ಸ್‌ಪ್ರೆಸ್ಸಿಗೆ ಎದುರಾಗಿ ಡಿಕ್ಕಿ ಹೊಡೆಯಿತು. ಪ್ರಯಾಣಿಕರು ಅನೇಕರು ಗಾಯಗೊಂಡರು. ನಗರಸಂಚಾರದ ರೈಲಿನ ಚಾಲಕರು ಜಜ್ಜಿಹೋದ ತಮ್ಮ ಕೋಣೆಯಲ್ಲಿ ಗಂಟೆಗಟ್ಟಲೆ ಸಿಕ್ಕಿಕೊಂಡಿದ್ದರು. ಅವರನ್ನು ಹೊರಕ್ಕೆ ತೆಗೆದರೂ ಕೆಲವು ದಿನಗಳಲ್ಲಿ ಅವರು ತೀರಿಕೊಂಡರು. ಬೆಂಗಳೂರಿಗೆ ಹೋಗುವ ಕನ್ನಡಿಗರು ಎಷ್ಟೋ ಸಲ ಮೆಟ್ಟಿದ ನಿಲ್ದಾಣ ಅದು.

ಕವಚ್ ಮಾಡುವ ಕೆಲಸ ಕೇಳಲು ಸರಳ. ಹಳಿಗಳ ನಡುವೆ ಅಲ್ಲಲ್ಲಿ ಸಣ್ಣ ಗುರುತುಪಟ್ಟಿಗಳನ್ನು ಕೂರಿಸಿರುತ್ತಾರೆ. ಎಂಜಿನ್ನು ಅವುಗಳ ಮೇಲೆ ಹಾದುಹೋಗುವಾಗ ರೇಡಿಯೋ ಅಲೆಗಳ ಮೂಲಕ ಅವುಗಳನ್ನು ಓದಿ ತಾನು ಎಲ್ಲಿದ್ದೇನೆಂದು ತಿಳಿದುಕೊಳ್ಳುತ್ತದೆ. ನಿಲ್ದಾಣದ ಯಂತ್ರವು ಮುಂದಿನ ಸಿಗ್ನಲ್ ಕೆಂಪೋ ಹಸಿರೋ ಎಂಬುದನ್ನು ರೇಡಿಯೋದಲ್ಲಿಯೇ ತಿಳಿಸುತ್ತದೆ. ಚಾಲಕನು ಕೆಂಪು ಸಿಗ್ನಲನ್ನು ದಾಟುವ ಅಪಾಯವಿದ್ದರೆ, ಅಥವಾ ವೇಗ ಮಿತಿಮೀರಿದ್ದರೆ, ಮೊದಲು ಎಚ್ಚರಿಕೆ ಕೊಡುತ್ತದೆ. ಆತನು ಬ್ರೇಕು ಹಾಕದಿದ್ದರೆ ತಾನೇ ಹಾಕುತ್ತದೆ. ಲಖ್ನೋದಲ್ಲಿರುವ ರೈಲ್ವೆಯ ಸಂಶೋಧನಾ ಸಂಸ್ಥೆಯು ಭಾರತೀಯ ಕೈಗಾರಿಕೆಗಳ ಜೊತೆಗೂಡಿ ಇದನ್ನು ರೂಪಿಸಿತು. ಮೊದಲಿಗೆ ಒಪ್ಪಿಗೆ ಪಡೆದ ಮೂರು ಕಂಪನಿಗಳೂ ನಮ್ಮ ಹೈದರಾಬಾದಿನವೇ. ಮೊದಲ ಪ್ರಯೋಗಗಳು ನಡೆದುದು ಲಿಂಗಂಪಲ್ಲಿ, ವಿಕಾರಾಬಾದು, ವಾಡಿ ಮತ್ತು ಬೀದರಿನ ಹಳಿಗಳ ಮೇಲೆ. ಅಂದರೆ ಕಲಬುರಗಿ ಮತ್ತು ಬೀದರ್ ಸೀಮೆಗಳಿಂದ ನಮ್ಮ ಹಿರಿಯರು ಈ ನಗರಕ್ಕೆ ಬಂದ ಹಾದಿಯಲ್ಲಿಯೇ. ೨೦೧೬ರ ಫೆಬ್ರವರಿಯಲ್ಲಿ ಪ್ರಯಾಣಿಕರ ರೈಲುಗಳಲ್ಲಿ ಅದರ ಪರೀಕ್ಷೆ ಆರಂಭವಾಯಿತು. ೨೦೨೦ರ ಜುಲೈನಲ್ಲಿ ಅದನ್ನು ರಾಷ್ಟ್ರೀಯ ವ್ಯವಸ್ಥೆಯೆಂದು ಅಂಗೀಕರಿಸಲಾಯಿತು.

ಇಂತಹ ಯಂತ್ರದ ಮಿದುಳು ತಂತ್ರಾಂಶವೇ. ಹೀಗಿರಲು, ಅದರಲ್ಲಿ ತಪ್ಪಿಲ್ಲವೆಂದು ತಿಳಿಯುವ ಬಗೆ ಹೇಗೆ? ಕಬ್ಬಿಣದ ಸರಳನ್ನು ಎಳೆದು ನೋಡಬಹುದು. ಸೇತುವೆಯ ಮೇಲೆ ಭಾರ ಹೇರಿ ನೋಡಬಹುದು. ಹತ್ತು ಟನ್ನನ್ನು ತಡೆದ ಸೇತುವೆ ಒಂಬತ್ತು ಟನ್ನನ್ನು ತಡೆಯುವುದರಲ್ಲಿ ಸಂದೇಹವಿಲ್ಲ. ತಂತ್ರಾಂಶಕ್ಕೆ ಈ ನ್ಯಾಯ ಅನ್ವಯಿಸುವುದಿಲ್ಲ. ಅದು ಹತ್ತಕ್ಕೆ ಸರಿಯಾದ ಉತ್ತರ ಕೊಟ್ಟು, ಹನ್ನೊಂದಕ್ಕೂ ಸರಿಯಾದ ಉತ್ತರ ಕೊಟ್ಟು, ಒಂಬತ್ತಕ್ಕೆ ತಪ್ಪಬಹುದು.

ಒಂದು ಚಿಕ್ಕ ಉದಾಹರಣೆಯನ್ನು ನೋಡೋಣ. ಒಬ್ಬ ವಿದ್ಯಾರ್ಥಿಯು ಫಲಿತಾಂಶಪಟ್ಟಿ ತಯಾರಿಸುವ ತಂತ್ರಾಂಶವೊಂದನ್ನು ಬರೆದನೆನ್ನಿ. 'ಅಂಕವು ೩೫ಕ್ಕಿಂತ ಹೆಚ್ಚಾಗಿದ್ದರೆ ತೇರ್ಗಡೆ, ಇಲ್ಲವಾದರೆ ಅನುತ್ತೀರ್ಣ' ಎಂದು ಅವನು ಬರೆದಿದ್ದಾನೆ. ೭೨ ಕೊಟ್ಟು ನೋಡಿದ, ತೇರ್ಗಡೆ ಎಂದಿತು. ೨೦ ಕೊಟ್ಟು ನೋಡಿದ, ಅನುತ್ತೀರ್ಣ ಎಂದಿತು. ೯೦, ೫೧, ೧೨ ಎಲ್ಲವೂ ಸರಿ. ನೂರು ಸಂಖ್ಯೆಗಳಲ್ಲಿ ತೊಂಬತ್ತನ್ನು ಪರೀಕ್ಷಿಸಿದರೂ ಆ ತಪ್ಪು ಸಿಕ್ಕದೆ ಹೋಗಬಹುದು. ಆದರೆ ಸರಿಯಾಗಿ ೩೫ ಅಂಕ ಪಡೆದ ಹುಡುಗಿಯೊಬ್ಬಳು ಆ ಪಟ್ಟಿಯಲ್ಲಿ ಅನುತ್ತೀರ್ಣಳಾಗುತ್ತಾಳೆ. ಆದಕಾರಣ ಅನುಭವಿಗಳಾದ ಪರೀಕ್ಷಕರು ನಡುವಣ ಸಂಖ್ಯೆಗಳನ್ನು ಹೆಚ್ಚಾಗಿ ಮುಟ್ಟುವುದಿಲ್ಲ, ಗಡಿಯಲ್ಲಿ ನಿಲ್ಲುತ್ತಾರೆ. ೩೪, ೩೫, ೩೬. ೦, ೧೦೦, ೧೦೧. ಪರೀಕ್ಷೆಗೇ ಬಾರದ ವಿದ್ಯಾರ್ಥಿಯ ಖಾಲಿ ಮನೆ. ಕಳ್ಳನು ಸೇರುವುದು ಮನೆಯ ನಡುಕೋಣೆಯಲ್ಲಲ್ಲ, ಬೇಲಿಯ ಸಂದಿಯಲ್ಲಿ.

ಗಡಿಯನ್ನು ಮರೆತುದರ ಫಲವನ್ನು ಯುರೋಪಿನ ವಿಜ್ಞಾನಿಗಳು ೧೯೯೬ರ ಜೂನ್ ೪ರಂದು ಕಣ್ಣಾರೆ ಕಂಡರು. ಏರಿಯಾನ್-೫ ಎಂಬ ಅವರ ಹೊಸ ರಾಕೆಟ್ಟು ಮೇಲೇರಿದ ಸುಮಾರು ನಲವತ್ತು ಸೆಕೆಂಡುಗಳಲ್ಲಿ ಚೂರುಚೂರಾಯಿತು. ಅದರಲ್ಲಿದ್ದ ತಂತ್ರಾಂಶದ ಒಂದು ಭಾಗವನ್ನು ಹಳೆಯ ಏರಿಯಾನ್-೪ರಿಂದ ಹಾಗೆಯೇ ತೆಗೆದುಕೊಳ್ಳಲಾಗಿತ್ತು. ಆ ಭಾಗವು ಒಂದು ದೊಡ್ಡ ಸಂಖ್ಯೆಯನ್ನು, ೩೨,೭೬೭ಕ್ಕಿಂತ ಹೆಚ್ಚಿನದು ಹಿಡಿಯದಂತಹ ಚಿಕ್ಕ ಪಾತ್ರೆಗೆ ಸುರಿಯಹೋಯಿತು. ಹಳೆಯ ರಾಕೆಟ್ಟಿನ ವೇಗಕ್ಕೆ ಆ ಪಾತ್ರೆ ಸಾಕಾಗುತ್ತಿತ್ತು. ಹೊಸದರ ವೇಗಕ್ಕೆ ಸಾಲಲಿಲ್ಲ. ಹೊಸ ರಾಕೆಟ್ಟಿನ ಹಾದಿಯ ಲೆಕ್ಕವನ್ನು ಕೊಟ್ಟು ಆ ಭಾಗವನ್ನು ನೆಲದ ಮೇಲೆಯೇ ಪರೀಕ್ಷಿಸಿದ್ದರೆ ದೋಷ ಹೊರಬೀಳುತ್ತಿತ್ತೆಂದು ವಿಚಾರಣೆಯಲ್ಲಿ ಗೊತ್ತಾಯಿತು. ಹಳೆಯದರಲ್ಲಿ ಸರಿಯಾಗಿ ನಡೆದಿದೆ ಎಂಬ ನಂಬಿಕೆಯೇ ಅಲ್ಲಿ ಮುಳುವಾಯಿತು.

ಈಗ ಇನ್ನೂ ಕಠಿಣವಾದ ಪ್ರಶ್ನೆಗೆ ಬರೋಣ. ರೈಲು ಓಡುವಾಗ ಒಂದೇ ಸಂಗತಿ ಇರುವುದಿಲ್ಲ. ಸಿಗ್ನಲ್ ಕೆಂಪೋ ಹಸಿರೋ. ಹಳಿ ಒಣಗಿದೆಯೋ ತೊಯ್ದಿದೆಯೋ. ರೇಡಿಯೋ ಸಂಪರ್ಕ ಇದೆಯೋ ಕಡಿದಿದೆಯೋ. ಗೇಟು ತೆರೆದಿದೆಯೋ ಮುಚ್ಚಿದೆಯೋ. ರೈಲು ಸರಕಿನದೋ ಪ್ರಯಾಣಿಕರದೋ. ಪಾಠದ ಸೌಲಭ್ಯಕ್ಕಾಗಿ ಇಂತಹ ಹತ್ತು ಸಂಗತಿಗಳಿವೆಯೆಂದೂ, ಪ್ರತಿಯೊಂದಕ್ಕೂ ದೀಪದ ಗುಂಡಿಯ ಹಾಗೆ ಎರಡೇ ಸ್ಥಿತಿಯೆಂದೂ ಭಾವಿಸೋಣ. ಎಲ್ಲ ಜೋಡಣೆಗಳೂ ಸೇರಿ ೧,೦೨೪ ಆಗುತ್ತವೆ. ಗುಂಡಿಗಳು ಇಪ್ಪತ್ತಾದರೆ ೧೦,೪೮,೫೭೬. ಒಂದು ಪರೀಕ್ಷೆಗೆ ಹತ್ತು ನಿಮಿಷದಂತೆ ಹಗಲಿರುಳೂ ಮಾಡಿದರೆ ಮುಗಿಯುವುದಕ್ಕೆ ಸುಮಾರು ಇಪ್ಪತ್ತು ವರ್ಷ ಬೇಕು. ಯಾವ ಕೈಗಾರಿಕೆ ಅಷ್ಟು ಕಾಲ ಕಾಯುತ್ತದೆ?

ಇಲ್ಲಿ ನಮ್ಮ ನೆರವಿಗೆ ಬರುವುದು ಕನ್ನಡನಾಡಿನಲ್ಲಿ ಹುಟ್ಟಿದ ಒಬ್ಬ ಮಹನೀಯರ ಗಣಿತ. ಕಲ್ಯಂಪುಡಿ ರಾಧಾಕೃಷ್ಣ ರಾವ್ ಅವರು ೧೯೨೦ರ ಸೆಪ್ಟೆಂಬರ್ ೧೦ರಂದು ಆಗ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಹೂವಿನ ಹಡಗಲಿಯಲ್ಲಿ ತೆಲುಗು ಮನೆತನದಲ್ಲಿ ಜನಿಸಿದರು. ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದಾಗ, ಹಲವು ಕಾರಣಗಳು ಒಟ್ಟಿಗೆ ಕೂಡಿರುವ ಪ್ರಯೋಗಗಳನ್ನು ಕಡಿಮೆ ಸಂಖ್ಯೆಯಲ್ಲಿ ಮುಗಿಸುವ ಬಗೆಯನ್ನು ವಿಚಾರಮಾಡಿ ೧೯೪೭ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಗದ್ದೆಯಲ್ಲಿ ಯಾವ ಬೀಜ, ಎಷ್ಟು ಗೊಬ್ಬರ, ಎಷ್ಟು ನೀರು ಎಂದು ಪರೀಕ್ಷಿಸುವವರಿಗೆ ಬೇಕಾಗಿದ್ದ ವಿದ್ಯೆ ಅದು. ಆ ಕೋಷ್ಟಕಗಳಿಗೆ 'ಲಂಬಕೋಷ್ಟಕ'ಗಳೆಂದು ನಾವು ಹೆಸರಿಡಬಹುದು. ಸುಮಾರು ನಾಲ್ಕು ದಶಕಗಳ ಬಳಿಕ, ೧೯೮೫ರಲ್ಲಿ, ಮ್ಯಾಂಡ್ಲ್ ಎಂಬುವರು ಇದೇ ಕುಟುಂಬದ ಕೋಷ್ಟಕಗಳನ್ನು ತಂತ್ರಾಂಶದ ಪರೀಕ್ಷೆಗೆ ಬಳಸಿ ತೋರಿಸಿದರು. ಗದ್ದೆಗೆ ಹುಟ್ಟಿದ ಗಣಿತ ಗಣಕಕ್ಕೆ ಬಂದುದು ಹೀಗೆ. ರಾವ್ ಅವರು ೨೦೨೩ರ ಆಗಸ್ಟ್ ೨೨ರಂದು ನೂರೆರಡು ದಾಟಿದ ವಯಸ್ಸಿನಲ್ಲಿ ನಿಧನರಾದರು. ಅವರ ಹೆಸರಿನ ಗಣಿತ ಸಂಸ್ಥೆಯೊಂದು ನಮ್ಮ ಗಚ್ಚಿಬೌಲಿಯ ವಿಶ್ವವಿದ್ಯಾನಿಲಯದ ಆವರಣದಲ್ಲಿದೆ.

ಯುಕ್ತಿಯೇನೆಂದರೆ, ಎಲ್ಲ ಜೋಡಣೆಗಳನ್ನೂ ನೋಡದೆ, ಯಾವ ಎರಡು ಗುಂಡಿಗಳನ್ನು ಆರಿಸಿಕೊಂಡರೂ ಆ ಎರಡರ ನಾಲ್ಕು ಸ್ಥಿತಿಗಳೂ ಎಲ್ಲಾದರೂ ಒಮ್ಮೆ ಬರುವಂತೆ ಮಾಡುವುದು. ಮೂರೇ ಗುಂಡಿಗಳಿವೆಯೆನ್ನಿ. ಆರಿದ್ದರೆ ೦, ಉರಿದಿದ್ದರೆ ೧. ಎಲ್ಲವನ್ನೂ ನೋಡಲು ಎಂಟು ಪರೀಕ್ಷೆ ಬೇಕು. ಆದರೆ ೦೦೦, ೦೧೧, ೧೦೧, ೧೧೦ ಎಂಬ ನಾಲ್ಕನ್ನು ಮಾತ್ರ ಬರೆದು ನೋಡಿರಿ. ಮೊದಲನೆಯ ಮತ್ತು ಎರಡನೆಯ ಗುಂಡಿಗಳಲ್ಲಿ ೦೦, ೦೧, ೧೦, ೧೧ ನಾಲ್ಕೂ ಬಂದಿವೆ. ಮೊದಲನೆಯದು ಮತ್ತು ಮೂರನೆಯದರಲ್ಲಿಯೂ, ಎರಡನೆಯದು ಮತ್ತು ಮೂರನೆಯದರಲ್ಲಿಯೂ ಬಂದಿವೆ. ಒಂದೊಂದೂ ಒಂದೇ ಸಲ. ಇದೇ ಅತಿ ಚಿಕ್ಕ ಲಂಬಕೋಷ್ಟಕ.

ಹತ್ತು ಗುಂಡಿಗಳಿಗೆ ಲಂಬಕೋಷ್ಟಕ ಕಟ್ಟಿದರೆ ಹನ್ನೆರಡು ಪರೀಕ್ಷೆ ಬೇಕಾಗುತ್ತವೆ. ಆದರೆ ಪ್ರತಿ ಸ್ಥಿತಿಯೂ ಸಮಸಂಖ್ಯೆಯಲ್ಲಿ ಬರಬೇಕೆಂಬ ಹಟವನ್ನು ಬಿಟ್ಟರೆ ಆರೇ ಸಾಕು. ಸಾವಿರದ ಇಪ್ಪತ್ತನಾಲ್ಕರ ಸ್ಥಳದಲ್ಲಿ ಆರು! ಇದನ್ನು ನಾವು ನಂಬಬೇಕಾಗಿಲ್ಲ, ಸಾಧಿಸಿಯೇ ನೋಡಬಹುದು. ಮೊದಲ ಪರೀಕ್ಷೆಯಲ್ಲಿ ಹತ್ತು ಗುಂಡಿಗಳನ್ನೂ ಆರಿಸಿಬಿಡಿರಿ. ಉಳಿದ ಐದು ಪರೀಕ್ಷೆಗಳಲ್ಲಿ ಪ್ರತಿಯೊಂದು ಗುಂಡಿಯೂ ಸರಿಯಾಗಿ ಮೂರರಲ್ಲಿ ಉರಿಯಲಿ. ಐದರಲ್ಲಿ ಮೂರನ್ನು ಆಯುವ ಬಗೆಗಳು ಹತ್ತು. ಆದ್ದರಿಂದ ಹತ್ತು ಗುಂಡಿಗಳಿಗೂ ಬೇರೆ ಬೇರೆ ಮೂರು ಪರೀಕ್ಷೆಗಳನ್ನು ಹಂಚಬಹುದು. ಈಗ ಯಾವುದಾದರೂ ಎರಡು ಗುಂಡಿಗಳನ್ನು ತೆಗೆದುಕೊಳ್ಳಿರಿ. ಎರಡೂ ಆರಿರುವುದು ಮೊದಲ ಪರೀಕ್ಷೆಯಲ್ಲಿಯೇ ಬಂದಿದೆ. ಮೂರು ಮತ್ತು ಮೂರು ಸೇರಿ ಆರು, ಇರುವ ಪರೀಕ್ಷೆಗಳು ಐದು. ಆದ್ದರಿಂದ ಒಂದರಲ್ಲಾದರೂ ಎರಡೂ ಉರಿಯಲೇಬೇಕು. ಎರಡಕ್ಕೂ ಕೊಟ್ಟ ಮೂರುಗಳು ಬೇರೆಯಾದುದರಿಂದ ಒಂದು ಉರಿದು ಇನ್ನೊಂದು ಆರಿರುವ ಪರೀಕ್ಷೆಯೂ, ಅದರ ವಿಪರ್ಯಯವೂ ಸಿಕ್ಕಿಯೇ ಸಿಕ್ಕುತ್ತವೆ. ಹಂಗೇರಿಯ ಕಟೋನಾ, ಅಮೆರಿಕದ ಕ್ಲೈಟ್‌ಮನ್ ಮತ್ತು ಸ್ಪೆನ್ಸರ್ ಈ ವಿಷಯವನ್ನು ೧೯೭೩ರಲ್ಲಿ ಪೂರ್ತಿಯಾಗಿ ಬಿಡಿಸಿದರು. ಹತ್ತನೆಯ ತರಗತಿಯ ವಿದ್ಯಾರ್ಥಿಗೆ ಅರ್ಥವಾಗುವ ಇಷ್ಟು ಸೊಗಸಾದ ಸಾಧನೆಯನ್ನು ಪಠ್ಯಪುಸ್ತಕದಲ್ಲಿ ಏಕೆ ಸೇರಿಸಿಲ್ಲವೋ ನಮಗೆ ತಿಳಿಯದು.

ಎರಡೆರಡನ್ನೇ ನೋಡಿದರೆ ಸಾಕೆ ಎಂದು ಜಾಣರು ಕೇಳಬಹುದು. ಕೇಳಲೇಬೇಕು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಸಂಶೋಧಕರು ವೈದ್ಯಕೀಯ ಉಪಕರಣಗಳು, ಅಂತರ್ಜಾಲದ ಬ್ರೌಸರ್ ಮುಂತಾದವುಗಳಲ್ಲಿ ನಿಜವಾಗಿ ಸಿಕ್ಕಿದ ದೋಷಗಳನ್ನು ಒಂದೊಂದಾಗಿ ಪರಿಶೀಲಿಸಿ ೨೦೦೪ರಲ್ಲಿ ವರದಿ ಮಾಡಿದರು. ವೈದ್ಯಕೀಯ ಉಪಕರಣಗಳಲ್ಲಿ ಬಹುಪಾಲು ದೋಷಗಳು ಒಂದು ಅಥವಾ ಎರಡು ಸಂಗತಿಗಳು ಕೂಡಿದಾಗಲೇ ಹೊರಬಿದ್ದಿದ್ದವು. ಬ್ರೌಸರಿನಲ್ಲಿ ಹಾಗೆ ಸಿಕ್ಕುವುವು ಸುಮಾರು ಮುಕ್ಕಾಲು ಪಾಲು ಮಾತ್ರ. ಉಳಿದವಕ್ಕೆ ಮೂರು, ನಾಲ್ಕು, ಕೆಲವಕ್ಕೆ ಆರು ಸಂಗತಿಗಳೂ ಕೂಡಬೇಕಾಗಿತ್ತು. ಅವರು ನೋಡಿದವುಗಳಲ್ಲಿ ಆರನ್ನು ಮೀರಿದುದು ಒಂದೂ ಇರಲಿಲ್ಲ. ಆದಕಾರಣ ಪ್ರಾಣಕ್ಕೆ ಸಂಬಂಧಿಸಿದ ಕಡೆ ಎರಡರಲ್ಲಿ ನಿಲ್ಲುವುದು ಸರಿಯಲ್ಲ. ಇಷ್ಟೇ ಅಲ್ಲದೆ, ಸಂಗತಿಗಳು ಯಾವ ಕ್ರಮದಲ್ಲಿ ನಡೆದುವು, ರೇಡಿಯೋ ಸಂದೇಶ ಅರ್ಧ ಸೆಕೆಂಡು ತಡವಾಗಿ ಬಂದರೆ ಏನಾಗುವುದು ಎಂಬುದು ಇಂತಹ ಕೋಷ್ಟಕಗಳಲ್ಲಿ ತೋರುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆಗಳೇ ಬೇಕು.

ಇನ್ನು, ಪರೀಕ್ಷೆಯೇ ಸರಿಯಾಗಿದೆಯೆಂದು ಹೇಗೆ ತಿಳಿಯುವುದು? ಇದಕ್ಕೆ ೧೯೭೮ರಲ್ಲಿ ಡಿಮಿಲ್ಲೊ, ಲಿಪ್ಟನ್ ಮತ್ತು ಸೇವರ್ಡ್ ಎಂಬ ಮೂವರು ಒಂದು ಮೋಜಿನ ಉಪಾಯವನ್ನು ವಿವರಿಸಿದರು. ಉಕ್ತಲೇಖನವನ್ನು ತಿದ್ದಲು ತರಗತಿಯ ನಾಯಕನಿಗೆ ಕೊಡುವ ಮೊದಲು, ಮೇಷ್ಟ್ರು ಬೇಕೆಂದೇ ಹತ್ತು ಕಾಗುಣಿತದ ತಪ್ಪುಗಳನ್ನು ಅದರಲ್ಲಿ ಸೇರಿಸಿಟ್ಟರೆನ್ನಿ. ನಾಯಕನು ಒಂಬತ್ತನ್ನು ಕಂಡುಹಿಡಿದರೆ ಅವನ ಕಣ್ಣು ಚುರುಕು. ನಾಲ್ಕನ್ನು ಮಾತ್ರ ಕಂಡರೆ ನಿಜವಾದ ತಪ್ಪುಗಳನ್ನೂ ಅವನು ಬಿಟ್ಟಿರಬಹುದು. ಹಾಗೆಯೇ ತಂತ್ರಾಂಶದಲ್ಲಿ ಬೇಕೆಂದೇ 'ಹೆಚ್ಚು' ಎಂಬಲ್ಲಿ 'ಕಡಿಮೆ' ಎಂದೂ, 'ಕೂಡು' ಎಂಬಲ್ಲಿ 'ಕಳೆ' ಎಂದೂ ತಿರುಚಿ, ನಮ್ಮ ಪರೀಕ್ಷೆಗಳು ಅದನ್ನು ಹಿಡಿಯುವುವೇ ಎಂದು ನೋಡುತ್ತಾರೆ. ಹಿಡಿಯದಿದ್ದರೆ ದೋಷವಿರುವುದು ಪರೀಕ್ಷೆಯಲ್ಲಿ.

ತಾನು ಬರೆದ ಪತ್ರದ ತಪ್ಪು ತನಗೆ ಕಾಣುವುದಿಲ್ಲವೆಂಬುದು ನಮ್ಮೆಲ್ಲರ ಅನುಭವ. ರೈಲ್ವೆ ತಂತ್ರಾಂಶಕ್ಕೆ ಯುರೋಪಿನಲ್ಲಿ ರೂಪುಗೊಂಡ ಮಾನದಂಡವು ಈ ಅನುಭವವನ್ನೇ ನಿಯಮವಾಗಿ ಮಾಡಿದೆ. ಅತ್ಯುಚ್ಚ ಸುರಕ್ಷತೆಯ ದರ್ಜೆಯಲ್ಲಿ ತಂತ್ರಾಂಶವನ್ನು ಬರೆದವರೇ ಅದನ್ನು ಪರೀಕ್ಷಿಸತಕ್ಕದ್ದಲ್ಲ. ಇವರಿಬ್ಬರಿಗೂ ಸಂಬಂಧವಿಲ್ಲದ ಮೂರನೆಯವರು ಬಂದು ಎಲ್ಲವನ್ನೂ ತೂಗಿನೋಡಬೇಕು. ಕವಚ್ ಪಡೆದಿರುವುದು ಈ ನಾಲ್ಕನೆಯ, ಅಂದರೆ ಅತ್ಯುಚ್ಚ ದರ್ಜೆಯನ್ನು. ಇಡೀ ವ್ಯವಸ್ಥೆಯು ಅಪಾಯಕರವಾಗಿ ತಪ್ಪುವುದು ಹತ್ತು ಕೋಟಿ ಗಂಟೆಗಳಿಗೆ ಒಂದು ಸಲಕ್ಕಿಂತ ಕಡಿಮೆ ಇರಬೇಕೆಂಬುದು ಅದರ ಗುರಿ. ಹತ್ತು ಕೋಟಿ ಗಂಟೆಯೆಂದರೆ ಹನ್ನೊಂದು ಸಾವಿರಕ್ಕೂ ಹೆಚ್ಚು ವರ್ಷ. ಅಷ್ಟು ಕಾಲ ಓಡಿಸಿ ನೋಡಿ ಪ್ರಮಾಣಪತ್ರ ಕೊಡುವುದು ಯಾರಿಂದ ಸಾಧ್ಯ? ಪರೀಕ್ಷೆಯು ದೋಷವಿರುವುದನ್ನು ತೋರಿಸಬಲ್ಲದೇ ಹೊರತು ದೋಷವೇ ಇಲ್ಲವೆಂದು ತೋರಿಸಲಾರದು ಎಂಬ ವಿಚಾರವನ್ನು ಡಚ್ ವಿಜ್ಞಾನಿ ಡೈಕ್‌ಸ್ಟ್ರಾ ೧೯೬೯ರಷ್ಟು ಹಿಂದೆಯೇ ಮುಂದಿಟ್ಟಿದ್ದರು. ಆದ್ದರಿಂದಲೇ ಬರೆಯುವ ಕ್ರಮ, ತಿದ್ದುವ ಕ್ರಮ, ದಾಖಲೆ ಇಡುವ ಕ್ರಮ ಎಲ್ಲವನ್ನೂ ಮಾನದಂಡವು ವಿಧಿಸುತ್ತದೆ. ಅಲ್ಲದೆ, ಕೆಟ್ಟರೂ ಸುರಕ್ಷಿತವಾಗಿ ಕೆಡಬೇಕೆಂಬುದು ರೈಲ್ವೆಯವರ ಹಳೆಯ ಧರ್ಮ. ಹಿಂದಿನ ಕೈಮರದ ಸಿಗ್ನಲಿನಲ್ಲಿ ತಂತಿ ಕಡಿದರೆ ಕೈ ತಾನಾಗಿಯೇ 'ನಿಲ್ಲು' ಎಂಬ ಸ್ಥಿತಿಗೆ ಬರುವಂತೆ ಭಾರ ಕಟ್ಟಿರುತ್ತಿದ್ದರು.

ಒಮ್ಮೆ ತೇರ್ಗಡೆಯಾದರೆ ಮುಗಿಯಿತೆ? ಇಲ್ಲ. ಎಲ್ಲಿಯಾದರೂ ಒಂದು ಸಾಲನ್ನು ತಿದ್ದಿದರೆ ಹಳೆಯ ಪರೀಕ್ಷೆಗಳನ್ನು ಮತ್ತೆ ಮಾಡಬೇಕು. ಇದು ಬೇಸರದ ಕೆಲಸ. ಅದಕ್ಕೆ ಹಣವೂ ಕಾಲವೂ ಬೇಕು. ಯಾವ ಪರೀಕ್ಷೆಗಳನ್ನು ಮೊದಲು ಮಾಡಿದರೆ ದೋಷ ಬೇಗ ಸಿಕ್ಕುವುದೆಂಬುದೇ ಇಂದು ಕೈಗಾರಿಕೆಗಳ ಸಂಶೋಧನೆಯಲ್ಲಿ ದೊಡ್ಡ ವಿಷಯ. ೨೦೨೩ರ ಜೂನ್ ೨ರಂದು ಒಡಿಶಾದ ಬಹಾನಗಾ ಬಜಾರಿನಲ್ಲಿ ೨೯೦ಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡ ಅಪಘಾತವನ್ನು ನೆನೆಯಿರಿ. ಸಿಗ್ನಲಿನ ತಂತಿಜೋಡಣೆಯನ್ನು ಬದಲಾಯಿಸಿದಾಗ ಆದ ಲೋಪಗಳೇ ಕಾರಣವೆಂದು ವಿಚಾರಣಾ ವರದಿ ಹೇಳಿತು. ಅದು ತಂತಿಯ ತಪ್ಪು, ತಂತ್ರಾಂಶದ್ದಲ್ಲ. ಆದರೆ ಬದಲಾವಣೆಯ ಬಳಿಕ ಮತ್ತೆ ಕೂಲಂಕಷವಾಗಿ ನೋಡದಿದ್ದರೆ ಏನಾಗುವುದೆಂಬುದಕ್ಕೆ ಅದಕ್ಕಿಂತ ಕಠೋರವಾದ ಉದಾಹರಣೆ ನಮಗೆ ಗೊತ್ತಿಲ್ಲ.

ಪ್ರಯೋಗಾಲಯದ ಪರೀಕ್ಷೆಗಳೆಲ್ಲ ಮುಗಿದ ಮೇಲೂ ಹಳಿಯ ಮೇಲಿನ ಪರೀಕ್ಷೆ ಉಳಿದಿರುತ್ತದೆ. ೨೦೨೨ರ ಮಾರ್ಚ್ ೪ರಂದು ಲಿಂಗಂಪಲ್ಲಿ–ವಿಕಾರಾಬಾದ್ ಮಾರ್ಗದ ಗುಲ್ಲಗೂಡ ಮತ್ತು ಚಿಟ್ಗಿಡ್ಡ ನಿಲ್ದಾಣಗಳ ನಡುವೆ ಒಂದೇ ಹಳಿಯ ಮೇಲೆ ಎರಡು ಎಂಜಿನ್ನುಗಳನ್ನು ಎದುರುಬದುರಾಗಿ ಬಿಟ್ಟರು. ಒಂದರಲ್ಲಿ ರೈಲ್ವೆ ಮಂತ್ರಿಗಳೇ ಕುಳಿತಿದ್ದರು. ಚಾಲಕನು ಬ್ರೇಕು ಮುಟ್ಟಲಿಲ್ಲ. ಇನ್ನೊಂದು ಎಂಜಿನ್ನು ೩೮೦ ಮೀಟರು ದೂರವಿರುವಾಗ ಯಂತ್ರವೇ ಬ್ರೇಕು ಹಾಕಿ ನಿಲ್ಲಿಸಿತು. ಪತ್ರಿಕೆಗಳು ಆ ೩೮೦ ಮೀಟರನ್ನು ದಪ್ಪ ಅಕ್ಷರದಲ್ಲಿ ಅಚ್ಚುಹಾಕಿದುವು. ಅದರ ಹಿಂದಿದ್ದ ಸಾವಿರಾರು ಸಣ್ಣ ಪರೀಕ್ಷೆಗಳನ್ನು ಮಾಡಿದವರ ಹೆಸರು ಎಲ್ಲಿಯೂ ಬರಲಿಲ್ಲ. ದಕ್ಷಿಣ ಮಧ್ಯ ರೈಲ್ವೆಯ ೧,೪೬೫ ಕಿಲೋಮೀಟರು ಮಾರ್ಗಕ್ಕೆ ಮೊದಲು ಈ ರಕ್ಷಣೆ ಬಂದಿತು. ೨೦೨೪ರ ಜುಲೈ ೧೬ರಂದು ಅದರ ಹೊಸ ರೂಪವಾದ ೪.೦ಕ್ಕೆ ಒಪ್ಪಿಗೆ ಸಿಕ್ಕಿತು. ಹೊಸ ರೂಪವೆಂದರೆ ಪರೀಕ್ಷಕರಿಗೆ ಹೊಸ ಪಾಠ. ಪ್ರತಿ ನಿಲ್ದಾಣದ ಹಳಿಗಳ ವಿನ್ಯಾಸವೂ ಬೇರೆಯಾದುದರಿಂದ ಆ ನಿಲ್ದಾಣದ ವಿವರಗಳನ್ನು ಅಲ್ಲಲ್ಲಿಯೇ ತಾಳೆನೋಡಬೇಕು.

ಕೊನೆಗೆ, ಲೆಕ್ಕದಲ್ಲಿ ಆಸಕ್ತಿಯಿರುವವರಿಗೆ ಒಂದು ಅಭ್ಯಾಸ. ಹನ್ನೊಂದನೆಯ ಗುಂಡಿ ಸೇರಿದರೆ ಆರು ಪರೀಕ್ಷೆಗಳು ಸಾಲವು, ಏಳು ಬೇಕು. ಹಾಗಾದರೆ ಏಳು ಪರೀಕ್ಷೆಗಳಲ್ಲಿ ಹೆಚ್ಚೆಂದರೆ ಎಷ್ಟು ಗುಂಡಿಗಳನ್ನು ನೋಡಬಹುದು? ಮೊದಲ ಪರೀಕ್ಷೆಯಲ್ಲಿ ಎಲ್ಲವನ್ನೂ ಆರಿಸಿದ ಮೇಲೆ ಆರು ಉಳಿಯುತ್ತವೆ. ಆರರಲ್ಲಿ ಮೂರನ್ನು ಆಯುವ ಬಗೆಗಳು ಇಪ್ಪತ್ತಾದುದರಿಂದ ಉತ್ತರ ಇಪ್ಪತ್ತೆಂದು ನಮ್ಮಲ್ಲಿ ಕೆಲವರು ಅವಸರದಿಂದ ಬರೆದರು. ಅದು ತಪ್ಪು. ಒಂದು ಗುಂಡಿ ೧, ೨, ೩ನೆಯ ಪರೀಕ್ಷೆಗಳಲ್ಲಿ ಉರಿದು, ಇನ್ನೊಂದು ೪, ೫, ೬ರಲ್ಲಿ ಉರಿದರೆ ಅವೆರಡೂ ಒಟ್ಟಿಗೆ ಉರಿಯುವುದು ಯಾವಾಗ ಎಂದು ಯೋಚಿಸಿ, ಸರಿಯಾದ ಉತ್ತರವನ್ನು ನೀವೇ ಕಂಡುಹಿಡಿಯಿರಿ.